ಹೈಡ್ರೋಜನ್ ಲೈನ್ ಸೋರಿದ ಮಧ್ಯಾಹ್ನ

ಕೊರೊನಾ ಮುಗಿದ ಮರುವರ್ಷ ನಾನು ಚಾಮರಾಜನಗರದ ಹತ್ತಿರ ಒಂದು ಎಣ್ಣೆ ಸಂಶೋಧನಾ ಘಟಕದಲ್ಲಿ ಪ್ರೊಸೆಸ್ ಎಂಜಿನಿಯರ್ ಆಗಿದ್ದೆ. ಗುಂಡ್ಲುಪೇಟೆ ಕಡೆಯ ಸೂರ್ಯಕಾಂತಿ ಎಣ್ಣೆಯನ್ನು ಬೇಕರಿಗೆ ಒದಗುವ ಗಟ್ಟಿ ಕೊಬ್ಬಾಗಿಸುವುದು ನಮ್ಮ ಪ್ರಯೋಗ. ಅದಕ್ಕೆ ಎಣ್ಣೆಯೊಳಗೆ ಹೈಡ್ರೋಜನ್ ಸೇರಿಸಬೇಕು. ಪಲ್ಲೇಡಿಯಂ ಎಂಬ ಲೋಹ ಆ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಮಾಮೂಲಿ ವಿಧಾನದಲ್ಲಿ ಹೈಡ್ರೋಜನ್ ಎಣ್ಣೆಯಲ್ಲಿ ಸರಿಯಾಗಿ ಕರಗದೆ, ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಫ್ಯಾಟ್ ಹೆಚ್ಚುತ್ತದೆ. ನಾವು ಪ್ರೋಪೇನ್ ಅನಿಲವನ್ನು ನೂರು ಡಿಗ್ರಿಗೂ ಮೇಲೆ ಕಾಯಿಸಿ ಭಾರಿ ಒತ್ತಡದಲ್ಲಿ ಇಡುತ್ತಿದ್ದೆವು. ಆಗ ಅದು ಅನಿಲವೂ ಅಲ್ಲದ, ದ್ರವವೂ ಅಲ್ಲದ ಸೂಪರ್‌ಕ್ರಿಟಿಕಲ್ ಸ್ಥಿತಿಗೆ ಬರುತ್ತದೆ. ಎಣ್ಣೆ, ಹೈಡ್ರೋಜನ್ ಎರಡೂ ಅದರಲ್ಲಿ ಕರಗಿ ಒಂದಾಗುತ್ತವೆ.

ಅಂದು ಹನ್ನೆರಡರ ಸುಮಾರಿಗೆ ರಿಯಾಕ್ಟರ್ ನೂರೈವತ್ತು ಬಾರ್ ಒತ್ತಡದಲ್ಲಿ ಓಡುತ್ತಿತ್ತು. ಲಾರಿ ಟೈರಿನ ಗಾಳಿಗಿಂತ ಹೆಚ್ಚುಕಡಿಮೆ ಇಪ್ಪತ್ತು ಪಟ್ಟು. ಇದ್ದಕ್ಕಿದ್ದಂತೆ ಹೈಡ್ರೋಜನ್ ಲೈನಿನ ಒತ್ತಡ ಇಳಿಯತೊಡಗಿತು. ರಿಯಾಕ್ಟರ್ ಇದ್ದ ಶೆಡ್ಡಿನಿಂದ ಕುಕ್ಕರ್ ಸೀಟಿಯಂಥ ಸದ್ದು, ಆದರೆ ನಿಲ್ಲುತ್ತಲೇ ಇಲ್ಲ. ಕಂಟ್ರೋಲ್ ರೂಮಿನಿಂದ ಲೈನ್ ಮುಚ್ಚುವ ಬಟನ್ ಒತ್ತಿದೆ. ವಾಲ್ವ್ ಕದಲಲಿಲ್ಲ. ಓಡಿಹೋಗಿ ನೋಡಿದರೆ ಎಲ್ಲೂ ಬೆಂಕಿ ಇಲ್ಲ. ಪ್ರೋಪೇನ್ ಟ್ಯಾಂಕಿನ ಒಂದು ಬದಿಯ ಪೇಂಟ್ ಮಾತ್ರ ಗುಳ್ಳೆಗುಳ್ಳೆಯಾಗಿ ಏಳುತ್ತಿತ್ತು. ಸೋರಿದ ಹೈಡ್ರೋಜನ್ ಹೊತ್ತಿಕೊಂಡು ಟ್ಯಾಂಕನ್ನು ಕಾಯಿಸುತ್ತಿತ್ತು. ಹೈಡ್ರೋಜನ್ ಉರಿ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ.

ಬೆಂಕಿ ನಂದಿಸುವ ಸಿಲಿಂಡರ್ ಎತ್ತಿಕೊಂಡೆ. ಆಪರೇಟರ್ ಸಿದ್ದರಾಜು ಅಡ್ಡ ಬಂದರು. ಉಮ್ಮತ್ತೂರಿನವರು, ನನಗಿಂತ ಹತ್ತು ವರ್ಷ ದೊಡ್ಡವರು.

"ಬ್ಯಾಡಿ ಮೇಡಂ. ಉರಿ ಆರಿಸ್ಬುಟ್ರೆ ಗ್ಯಾಸು ಒಳಗೇ ತುಂಬ್ಕತದೆ. ಆಮೇಲೆ ಶೆಡ್ಡೇ ಇರಕಿಲ್ಲ. ನೀವು ಟ್ಯಾಂಕ್ ಮೇಲೆ ನೀರು ಬುಡಿ, ನಾ ಓಗಿ ವಾಲ್ವ್ ಮುಚ್ತೀನಿ."

ಕೈಯಿಂದ ತಿರುಗಿಸುವ ವಾಲ್ವ್ ಇದ್ದದ್ದು ಟ್ಯಾಂಕಿನ ಆಚೆ. ಅವರು ಉದ್ದ ಕೋಲಿನ ಪೊರಕೆಯನ್ನು ಮುಂದೆ ಚಾಚಿ, ಒಂದೊಂದೇ ಹೆಜ್ಜೆ ಇಟ್ಟರು. ನಾನು ನೀರಿನ ಪೈಪ್ ಹಿಡಿದು ನೋಡುತ್ತಿದ್ದೆ. ಏಳನೆಯ ಹೆಜ್ಜೆಗೆ ಪೊರಕೆಯ ತುದಿ ಭಗ್ಗನೆ ಹೊತ್ತಿತು. ಉರಿ ಅಲ್ಲಿತ್ತು, ಅವರ ಎದೆಯ ಮಟ್ಟಕ್ಕೆ. ಅವರು ನೆಲಕ್ಕೆ ಬಗ್ಗಿ, ತೆವಳಿಕೊಂಡು ಅದರಡಿ ದಾಟಿದರು. ಆಮೇಲೆ ಅವರು ನನಗೆ ಕಾಣಲಿಲ್ಲ. ನೀರಿನ ಸದ್ದಿನ ನಡುವೆ ಸೀಟಿಗೆ ಕಿವಿಗೊಟ್ಟು ನಿಂತೆ. ಎಷ್ಟೋ ಹೊತ್ತಿನ ಮೇಲೆ ಅದು ಸಣ್ಣಗಾಗಿ ನಿಂತಿತು.

ಸಿದ್ದರಾಜು ಎದ್ದು ಬಂದರು. ಎಡ ಮುಂಗೈ ಸುಟ್ಟಿತ್ತು.

ಸೋರಿದ್ದು ಹೀಟರ್ ಪಕ್ಕ ಎರಡು ಪೈಪ್ ಸೇರುವ ಜಾಗದಲ್ಲಿ. ಲೈನ್ ಬಿಸಿಯಾದ ಮೇಲೆ ಅಲ್ಲಿನ ಬೋಲ್ಟ್‌ಗಳು ಸಡಿಲಾಗಿವೆಯೇ ಎಂದು ಮತ್ತೆ ಪರೀಕ್ಷಿಸಬೇಕಿತ್ತು. ಬೇಕರಿಯವರಿಗೆ ಸ್ಯಾಂಪಲ್ ಕೊಡುವ ಅವಸರದಲ್ಲಿ ನಾನು ಅದನ್ನು ಬಿಟ್ಟು, ಪರೀಕ್ಷೆ ಆಗಿದೆ ಎಂದು ಸಹಿ ಹಾಕಿದ್ದೆ. ಆಸ್ಪತ್ರೆಯಲ್ಲಿ ಅವರಿಗೆ ಅದನ್ನು ಹೇಳಿದೆ.

ಅವರು ಬ್ಯಾಂಡೇಜು ಸುತ್ತಿದ ಕೈ ನೋಡಿಕೊಂಡರು. "ಇದ್ದದ್ನ ಇದ್ದಂಗೆ ಬರೀರಿ ಮೇಡಂ. ನಂಗೂ ಮನೇಲಿ ಕಾಯೋರವ್ರೆ."

ಅಪಘಾತದ ವರದಿಯಲ್ಲಿ ಇದ್ದದ್ದನ್ನು ಇದ್ದಹಾಗೆ ಬರೆದೆ. ಪ್ರಯೋಗ ಮೂರು ತಿಂಗಳು ನಿಂತಿತು. ನನ್ನನ್ನು ಆ ಜವಾಬ್ದಾರಿಯಿಂದ ತೆಗೆದರು. ಅದು ಸರಿಯೇ ಆಗಿತ್ತು. ಸಹಿ ಎಂದರೆ ಬರೀ ಕಾಗದದ ಕೆಲಸ ಎಂದುಕೊಂಡಿದ್ದ ನನಗೆ ಆ ಮಧ್ಯಾಹ್ನ ಕಲಿಸಿದ್ದು ಇಷ್ಟು: ನಾನು ಬರೆದದ್ದನ್ನು ನಂಬಿಯೇ ಇನ್ನೊಬ್ಬರು ಯಂತ್ರದ ಹತ್ತಿರ ಹೋಗುತ್ತಾರೆ.