ಅಕ್ಕನಿಗೆ ಕಾಣುವಷ್ಟು ಕಪ್ಪು

ನನ್ನ ಚಿತ್ರಗಳಲ್ಲಿ ಜೀವವಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದವಳು ನನ್ನ ಅಕ್ಕ. ಅದೂ ನಾನು ಅರಸೀಕೆರೆಯ ಮಕ್ಕಳಿಗೆಲ್ಲ ಡ್ರಾಯಿಂಗ್ ಕಲಿಸಿ ರಿಟೈರ್ ಆದಮೇಲೆ!

"ಏನೇ ಇದು, ಬೂದಿ ಎರಚಿದಂಗೈತೆ. ಮರ ಯಾವ್ದು, ನೀರು ಯಾವ್ದು?"

ನನಗೆ ಮೈಯೆಲ್ಲ ಉರಿದುಹೋಯಿತು. ಜನ್ಮದಲ್ಲಿ ಬ್ರಶ್ ಹಿಡಿಯದವಳು ನನಗೆ ಪಾಠ ಹೇಳುವುದೇ? ಒಂದೇ ಮನೆಯಲ್ಲಿದ್ದುಕೊಂಡು ಅವಳ ಜೊತೆ ಮಾತು ಬಿಟ್ಟೆ. ಸಿಟ್ಟಿಳಿದ ಮೇಲೆ ಚಿತ್ರವನ್ನು ಗೋಡೆಗೆ ಒರಗಿಸಿ ದೂರ ನಿಂತು ನೋಡಿದೆ. ಆಕಾಶ ಬೂದು, ಕೆರೆ ಬೂದು, ತೆಂಗೂ ಬೂದು. ಕಣ್ಣು ಅರ್ಧ ಮುಚ್ಚಿ ನೋಡಿ, ಸಣ್ಣಪುಟ್ಟದ್ದೆಲ್ಲ ಕರಗಿ ಬರೀ ಕತ್ತಲು ಬೆಳಕು ಉಳಿಯುತ್ತೆ, ಅದನ್ನು ಬರೀರಿ ಅಂತ ಮಕ್ಕಳ ತಲೆ ತಿಂದವಳು ನಾನೇ. ನನ್ನ ಕೈಗೆ ಮಾತ್ರ ಕಪ್ಪೆಂದರೆ ಭಯ.

ತೊಂದರೆ ಚಿತ್ರದಲ್ಲಿ ಮಾತ್ರ ಇರಲಿಲ್ಲ ಎನ್ನುವುದು ಆಮೇಲೆ ತಿಳಿಯಿತು. ಅಕ್ಕ ಹಿತ್ತಲ ಮೆಟ್ಟಿಲು ಕಾಣದೆ ಬಿದ್ದಳು. ಹಾಸನಕ್ಕೆ ಕರೆದುಕೊಂಡು ಹೋದರೆ ಡಾಕ್ಟರು, ಕಣ್ಣಿನೊಳಗಿನ ಒತ್ತಡದಿಂದ ನರ ಒಣಗಿದೆ, ಹೋದ ದೃಷ್ಟಿ ವಾಪಸು ಬರುವುದಿಲ್ಲ, ಉಳಿದದ್ದು ಉಳಿದರೆ ಪುಣ್ಯ ಎಂದರು. ಕಡುಕಪ್ಪು, ಒಳ್ಳೆ ಬೆಳಕು ಇವಷ್ಟೇ ಅವಳಿಗೆ ಬೇರೆ ಬೇರೆಯಾಗಿ ಕಾಣುತ್ತಿದ್ದವು. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಅಳಲಿಲ್ಲ. "ಪೂರ್ತಿ ಹೋಗೋದ್ರೊಳಗೆ ನಮ್ಮೂರು ಇನ್ನೊಂದ್ಸಲ ಕಾಣ್ಬೇಕು ಕಣೇ" ಅಂದಳು.

ನಮ್ಮೂರೆಂದರೆ ಬಸ್ತಿಹಳ್ಳಿ, ಹಳೇಬೀಡಿನ ಪಕ್ಕದಲ್ಲೇ. ಅವಳನ್ನೇ ಕರೆದುಕೊಂಡು ಹೋದೆ. ಕೆರೆ ಏರಿಯ ಮೇಲೆ ನಿಲ್ಲಿಸಿದರೆ, "ಎಲ್ಲಾ ಮಂಜು ಮಂಜು. ಹೊರಡೇ, ಸಾಕು" ಅಂದುಬಿಟ್ಟಳು. ಊರೇ ಕಾಣದಿದ್ದರೆ ಊರಿನ ಚಿತ್ರವನ್ನಾದರೂ ಅವಳಿಗೆ ಕಾಣುವಷ್ಟು ಕಪ್ಪಾಗಿ ಬರೆಯುತ್ತೇನೆ ಎಂದು ಹಟ ಹಿಡಿದೆ.

ಭಾನುವಾರ ಬಂತೆಂದರೆ ನಾನೊಬ್ಬಳೇ ಜಾವಗಲ್ ಮೇಲೆ ಊರಿಗೆ ಹೋಗುವ ಬಸ್ಸು ಹತ್ತುತ್ತಿದ್ದೆ. ಅಂಗಡಿಯ ಇದ್ದಿಲು ಕಡ್ಡಿ ಸಾಲದೆ ಹೋಯಿತು. ನಮ್ಮ ಕಡೆ ತೆಂಗಿನ ಚಿಪ್ಪಿಗೇನು ಬರ? ಸುಟ್ಟು, ಕುಟ್ಟಿ, ಅಂಟಿನಲ್ಲಿ ಕಲಸಿ ದಪ್ಪಗೆ ಬಳಿದೆ. ಎಳೆಬಿಸಿಲಿನಲ್ಲಿ ನೀರು ಹೊಳೆಯುವ ಕಡೆ ಹಾಳೆಯನ್ನು ಬಿಳಿಯಾಗಿಯೇ ಬಿಟ್ಟು, ಅದಕ್ಕೆ ತಾಗಿಸಿ ಮರದ ಬುಡವನ್ನು ಕರಿ ಮಾಡಿದೆ. ದೂರದ ಪುಷ್ಪಗಿರಿ ಬೆಟ್ಟಕ್ಕೆ ನಡುವಿನದೊಂದು ತೆಳು ಬಣ್ಣ. ನಮ್ಮೂರ ಬಸದಿಯ ಕನ್ನಡಿಯಂತೆ ಹೊಳೆಯುವ ಕಂಬ ಬರೆಯುವಾಗ ಸುತ್ತ ಎಲ್ಲ ಕತ್ತಲು ತುಂಬಿ ಮಿಂಚೊಂದನ್ನು ಉಳಿಸಿದೆ. ನನ್ನ ಚಿತ್ರಗಳಿಗೆ ಜೀವ ಬಂದದ್ದು ಆಗಲೇ.

ಅಕ್ಕ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸುತ್ತ ನೋಡುತ್ತಿದ್ದಳು. "ಇದು ತೂಬಿನ ಹತ್ರದ ಮರ ಅಲ್ವೇನೇ? ಇಲ್ಲಿಂದಾಚೆಗೆ ನೀರು. ಈಗ ಸರಿಯಾಯ್ತು ನೋಡು!" ಎನ್ನುವಳು. ಅವತ್ತು ಏರಿಯ ಮೇಲೆ ಯಾರು ಸಿಕ್ಕರು, ಏನಂದರು, ಎಲ್ಲ ಹೇಳಿಸಿಕೊಳ್ಳುವಳು. ಕಣ್ಣು ಇದ್ದಷ್ಟಕ್ಕೇ ನಿಂತಿದೆ, ಇನ್ನು ಕೆಡುವುದಿಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ಕಂಡ ದೇವರಿಗೆಲ್ಲ ಕೈ ಮುಗಿದೆ.

ಒಂದೇ ಕಿರಿಕಿರಿಯೆಂದರೆ, ಬಸ್ಸಿನ ನೂಕುನುಗ್ಗಲಿನಲ್ಲಿ ಇದ್ದಿಲ ಪುಡಿ ಉದುರಿ ಚಿತ್ರ ಮಾಸುತ್ತಿತ್ತು. ಈ ಚಳಿಗಾಲದ ಒಂದು ಭಾನುವಾರ ಇದ್ದಿಲು ಬಿಟ್ಟು ಮಸಿಯ ಬಾಟಲಿ ಒಯ್ದೆ. ಅಬ್ಬಾ, ಅದೆಂಥ ಕಪ್ಪು! ಏರಿಯ ಮರಗಳು ಕಾಡಿಗೆ ತೀಡಿದ ಹಾಗೆ ನಿಂತವು, ಹಿಂದೆ ನೀರು ಬೆಳ್ಳಗೆ ಬೆಳಗಿತು. ಇಂಥ ಚಿತ್ರ ನನ್ನ ಕೈಯಲ್ಲಿ ಹಿಂದೆಂದೂ ಬಂದಿರಲಿಲ್ಲ. ಮನೆಗೆ ಬಂದವಳು ಚಪ್ಪಲಿ ಬಿಡುವುದಕ್ಕೂ ಮೊದಲು ಅದನ್ನು ಅಕ್ಕನ ತೊಡೆಯ ಮೇಲಿಟ್ಟೆ.

ಅವಳು ಆ ಕಡೆಯಿಂದ ಈ ಕಡೆಗೆ ಬೆರಳಾಡಿಸಿದಳು. ಮತ್ತೊಮ್ಮೆ ಆಡಿಸಿದಳು. ಆಮೇಲೆ ಮುಖವೆತ್ತಿ, "ಇವತ್ತು ಏನೂ ಬರೀಲೇ ಇಲ್ವೇನೇ? ಬರೀ ಹಾಳೆ ತಂದಿದ್ದೀಯ" ಅಂದಳು.

ಬಸ್ಸಿನಲ್ಲಿ ನಿಂತು ಬಂದ ಸುಸ್ತು ಬೇರೆ. ನನಗೆ ರೇಗಿಹೋಯಿತು. "ಇಷ್ಟು ಕಪ್ಪಗೈತಲ್ಲ! ಕಣ್ಣು ಬಿಟ್ಟು ನೋಡೇ!" ಎಂದು ಕಿರುಚಿದೆ.

"ಬಿಟ್ಕೊಂಡೇ ಇದೀನಲ್ಲೇ" ಅಂದಳು.

ಆಗ ತಿಳಿಯಿತು. ಇಷ್ಟು ದಿನ ಅವಳು ನನ್ನ ಕಪ್ಪನ್ನು ನೋಡಿದ್ದಲ್ಲ, ಮುಟ್ಟಿದ್ದು. ತರಿತರಿ ಸಿಕ್ಕಿದ ಕಡೆ ಮರ, ನುಣ್ಣಗಿದ್ದ ಕಡೆ ನೀರು. ನುಣುಪಾದ ಮಸಿಯಲ್ಲಿ ಅವಳ ಬೆರಳಿಗೆ ಏನೂ ಸಿಕ್ಕಿರಲಿಲ್ಲ. ನಾನು ಅವಳ ಪಕ್ಕದಲ್ಲಿ ಕುಸಿದು ಕೂತು ಜೋರಾಗಿ ಅತ್ತುಬಿಟ್ಟೆ. ಯಾವಾಗಿಂದ ಅಂತ ಕೇಳಿದರೆ, ದೀಪಾವಳಿಯ ದೀಪವೇ ಕಂಡಿರಲಿಲ್ಲವಂತೆ.

"ಯಾಕೆ ಹೇಳ್ಲಿಲ್ಲ? ನಾನೇನು ಸತ್ತೋಗಿದ್ನಾ?"

"ಹೇಳಿದ್ರೆ ನೀನು ಹೋಗೋದು ಬಿಟ್ಬಿಡ್ತಿದ್ದೆ. ನೀನು ಬಂದು ಊರಿನ ಸುದ್ದಿ ಹೇಳ್ತಿದ್ದೆಯಲ್ಲ, ನಂಗೆ ಅದ್ರಲ್ಲೇ ಎಲ್ಲಾ ಕಾಣೋದು."

ಅವಳು ಹಾಳೆಯನ್ನು ಹಾಗೇ ತೊಡೆಯ ಮೇಲಿಟ್ಟುಕೊಂಡಿದ್ದಳು. ಸೆರಗಿನಿಂದ ನನ್ನ ಮುಖ ಒರೆಸಲು ಹೋದ ಕೈ ಗುರಿ ತಪ್ಪಿ ನನ್ನ ಕಿವಿಗೆ ತಾಗಿತು. "ಅಳ್ಬೇಡ ಸುಮ್ನಿರೇ. ಹೇಳು, ಇವತ್ತು ಕೆರೇಲಿ ನೀರು ಎಲ್ಲಿಗಂಟ ಇತ್ತು?" ಎಂದು ಕೇಳಿದಳು.