ಭಾರ ತೂಗುತ್ತಿದ್ದ ಹುಬ್ಬು

ಎರಡು ಕೈಯಲ್ಲಿ ಎರಡು ಚೀಲ ಎತ್ತಿ ಕಣ್ಣು ಮುಚ್ಚಿ ನಿಂತರೆ ಅವರ ಹುಬ್ಬು ಮಾತಾಡುತ್ತಿತ್ತು. ಎಡಗೈಯ ಚೀಲ ಭಾರವಾಗಿದ್ದರೆ ಎಡಹುಬ್ಬು ಮೇಲೇರುವುದು, ಬಲಗೈಯದ್ದಾದರೆ ಬಲಹುಬ್ಬು. ಎರಡೂ ಸುಮ್ಮನಿದ್ದರೆ ಮಾತ್ರ ಆ ಚೀಲಗಳು ಕುದುರೆಯ ಬೆನ್ನೇರಬೇಕು. ಕ್ಯಾಂಪಿನಲ್ಲಿ ತೂಕದ ಯಂತ್ರವೂ ಇತ್ತು. ಅದರ ಮೇಲೆ ಅವರು ಚಹಾದ ಫ್ಲಾಸ್ಕ್ ಇಡುತ್ತಿದ್ದರು.

ನಾನು ಅವರನ್ನು ಕೊನೆಯವರೆಗೂ ಉಸ್ತಾದ್ ಎಂದೇ ಕರೆದೆ. ಭಟ್ಕಳದವರು. ಅಣ್ಣತಮ್ಮಂದಿರೆಲ್ಲ ದುಬೈಯಲ್ಲಿ ಬಟ್ಟೆ, ಅತ್ತರು ಮಾರಿ ಹೆಸರು ಮಾಡಿದರೆ ಇವರೊಬ್ಬರು ಎಳೆಯ ವಯಸ್ಸಿನಲ್ಲೇ ಲಾಯ ಸೇರಿ, ಅಲ್ಲೇ ಮುದುಕರಾದರು. “ಅಂಗಡೀಲಿ ಗಿರಾಕಿ ಸುಳ್ಳು ಹೇಳ್ತಾನೆ, ನಾನೂ ಹೇಳ್ಬೇಕು. ಕುದುರೆ ಹತ್ರ ಆ ಕಷ್ಟ ಇಲ್ಲ” ಅನ್ನುತ್ತಿದ್ದರು.

ಅವರ ಕೈಗೆ ನಾನು ಸಿಕ್ಕಿದ್ದು ನನ್ನ ನಲವತ್ತೇಳನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ಅಬುಧಾಬಿ ಪಕ್ಕದ ಮುಸಫ್ಫಾದ ವರ್ಕ್‌ಶಾಪೊಂದರಲ್ಲಿ ಸೇಫ್ಟಿ ಆಫೀಸರ್ ಆಗಿದ್ದೆ. ಅಂದರೆ ಹೆದರುವುದಕ್ಕೇ ಸಂಬಳ. ನನ್ನ ಸ್ವಭಾವಕ್ಕೆ ಅಷ್ಟು ಒಪ್ಪುವ ಕೆಲಸ ಇನ್ನೊಂದಿಲ್ಲ. ವರ್ಕ್‌ಶಾಪ್ ಮುಚ್ಚಿತು. ಆಗ ಕಣ್ಣಿಗೆ ಬಿದ್ದದ್ದು ಅಬುಧಾಬಿಯ ಮರಳಿನ ನಡುವಿನ ಕ್ಯಾಂಪೊಂದರ ಜಾಹೀರಾತು: ಗಿಡುಗ ಬಿಟ್ಟು ಆಡುವ ಬೇಟೆಗೆ ಬರುವ ಅತಿಥಿಗಳನ್ನು ಕರೆದೊಯ್ಯಲು ಮಾರ್ಗದರ್ಶಿಗಳು ಬೇಕು, ತರಬೇತಿ ನಾವೇ ಕೊಡುತ್ತೇವೆ. ಪರವಾನಗಿ ಇರುವ ಬೇಟೆ, ಹಳೆಯ ಕ್ರಮ. ಕಾರಿಲ್ಲ, ಬಂದೂಕಿಲ್ಲ. ಅತಿಥಿಗಳು ಕುದುರೆಯ ಮೇಲೆ. ಡೇರೆ, ನೀರು, ಅಡಿಗೆ ಸಾಮಾನು ಇನ್ನೊಂದು ಕುದುರೆಯ ಮೇಲೆ. ನನ್ನ ಅರ್ಹತೆ ಐದು ಭಾಷೆ ಮತ್ತು ಒಂದು ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟು.

“ಲಿಫ್ಟಲ್ಲಿ ಕಣ್ಣು ಮುಚ್ಚಿ ನಿಲ್ಲುವವರು ನೀವು. ಕುದುರೆ ಹತ್ತುದಾ?” ಎಂದಳು ದುಬೈಯ ಕರಾಮದ ಫ್ಲ್ಯಾಟಿನಲ್ಲಿ ಹೆಂಡತಿ.

“ಪಪ್ಪಾ, ಆರ್ ಯೂ ಸೀರಿಯಸ್?” ಎಂದಳು ಮಗಳು, ಫೋನಿನಿಂದ ತಲೆ ಎತ್ತದೆ.

ಮೊದಲ ತಿಂಗಳು ಉಸ್ತಾದರು ನನ್ನನ್ನು ಕುದುರೆ ಹತ್ತಿಸಲೇ ಇಲ್ಲ. ಲದ್ದಿ ಬಾಚಬೇಕು, ಗೊರಸು ಕೆರೆಯಬೇಕು, ಜೀನಿನ ಕೆಳಗಿನ ಕಂಬಳಿಯಲ್ಲಿ ಮರಳಿನ ಕಾಳಿದೆಯೇ ಎಂದು ಅಂಗೈಯಿಂದ ಸವರಿ ನೋಡಬೇಕು. ಆಮೇಲೆ ಗಂಟು. ನಾನು ಒಂದರ ಮೇಲೊಂದು ಮೂರು ಗಂಟು ಹಾಕಿ, ಮೂರನ್ನೂ ಎಳೆದು ನೋಡುತ್ತಿದ್ದೆ.

“ಸಾಕು ಮಾರಾಯ. ಇದು ಕುದುರೆ, ಹಡಗಲ್ಲ.”

ಮೂರು ತಿಂಗಳಾದ ಮೇಲೆ ಪರೀಕ್ಷೆಯ ಸವಾರಿ. ಎರಡು ದಿನ, ಇಬ್ಬರು ಅತಿಥಿಗಳು, ಅವರದೊಂದು ಗಿಡುಗ. ಉಸ್ತಾದರು ಹೂಂ ಅಂದರೆ ನನಗೆ ಕ್ಯಾಂಪಿನ ವೀಸಾ. ಇಲ್ಲವಾದರೆ ಖಲಾಸ್, ಮಗಳನ್ನು ಶಾಲೆ ಬಿಡಿಸಿ ಮೂವರೂ ಉಡುಪಿಗೆ.

ನಾನು ಮತ್ತು ಒಬ್ಬ ಸುಡಾನಿ ಲಾಯದವನು ಸೇರಿ ಸಾಮಾನು ಕಟ್ಟಿದೆವು. ಹುಬ್ಬು ಎರಡೂ ಸುಮ್ಮನಿದ್ದವು. ಕಂದು ಹೆಣ್ಣುಕುದುರೆಯ ಮೇಲೆ ಚೀಲ ಏರಿಸಿ ಉಸ್ತಾದರು ಚಹಾಕ್ಕೆ ಹೋದರು. ಆಗ ನನ್ನ ಸ್ವಂತದ ಸಣ್ಣ ಚೀಲವನ್ನು ಬಲಬದಿಯ ಚೀಲದೊಳಕ್ಕೆ ತುರುಕಿದೆ. ಅದರಲ್ಲಿ ಎರಡು ಟಾರ್ಚು, ಅವಕ್ಕೆ ಬ್ಯಾಟರಿ, ಬಿಪಿ ನೋಡುವ ಯಂತ್ರ, ಔಷಧಿ ಬಾಟಲಿಗಳು, ಇನ್ನೊಂದು ಜೊತೆ ಬೂಟು, ಒಂದು ಕೊಡೆ. ಮರಳುಗಾಡಿಗೆ ಕೊಡೆ ಯಾಕೆಂದು ದಯವಿಟ್ಟು ಕೇಳಬೇಡಿ.

ಮೂರು ಗಂಟೆ ನಡೆದಿರಬೇಕು. ಕಂದು ಕುದುರೆಯ ಹೆಜ್ಜೆ ಗಿಡ್ಡವಾಯಿತು, ಕಿವಿ ಹಿಂದಕ್ಕೆ ಹೋಯಿತು. ಉಸ್ತಾದರು ನಿಲ್ಲಿಸಿ ಸಾಮಾನೆಲ್ಲ ಇಳಿಸಿದರು. ಜೀನು ಬಲಕ್ಕೆ ಜಾರಿ, ಹೆಗಲೆಲುಬಿನ ಮೇಲೆ ನಾಣ್ಯದಷ್ಟಗಲ ಚರ್ಮ ಸುಲಿದು ಕೆಂಪಗಾಗಿತ್ತು. ಬಲಬದಿಯ ಚೀಲಕ್ಕೆ ಕೈ ಹಾಕಿ ನನ್ನ ಚೀಲ ಹೊರಗೆಳೆದರು.

“ಇದು ಯಾರದ್ದು?”

ಸುಡಾನಿ ಕ್ಯಾಂಪಿನಲ್ಲೇ ಉಳಿದಿದ್ದ. ಅವನದಿರಬೇಕು ಅಂದರೆ ಅಲ್ಲಗಳೆಯುವವರು ಯಾರೂ ಇರಲಿಲ್ಲ. ಮಾತು ನಾಲಗೆಯ ಮೇಲೆ ಬಂದು ಕೂತಿತ್ತು, ವೀಸಾವೂ ಅದರ ಪಕ್ಕದಲ್ಲೇ ಕೂತಿತ್ತು. ಉಸ್ತಾದರು ಕಾದರು. ನನ್ನ ಮುಖ ನೋಡದೆ, ಗಾಯದ ಸುತ್ತ ಮೆತ್ತಿದ್ದ ಮರಳನ್ನು ಒಂದೊಂದೇ ಕಾಳು ತೆಗೆಯುತ್ತ.

“ನಂದೇ, ಉಸ್ತಾದ್.”

“ಎಂತ ಉಂಟು ಇದ್ರಲ್ಲಿ?”

ಹೇಳಿದೆ. ಕೊಡೆ ಅಂದಾಗ ಎರಡೂ ಹುಬ್ಬು ಒಟ್ಟಿಗೇ ಮೇಲೇರಿದವು. ಅದನ್ನು ನಾನು ಕಂಡದ್ದು ಅದೇ ಮೊದಲು.

“ನಿಂಗೆ ಹೆದರಿಕೆ ಉಂಟು. ಇರಲಿ, ಎಲ್ಲರಿಗೂ ಉಂಟು. ನಿನ್ನ ಹೆದರಿಕೆ ನಿನ್ನ ಬೆನ್ನ ಮೇಲೆ ಇರಲಿ. ಇವಳಿಗೆ ಎಂತಕ್ಕೆ?”

ಸಾಮಾನನ್ನು ತಮ್ಮ ಸವಾರಿಯ ಕುದುರೆಗೆ ಏರಿಸಿ, ಗಾಯದವಳನ್ನು ಬರಿಬೆನ್ನಲ್ಲಿ ಹಿಡಿದುಕೊಂಡು ಅವರು ನಡೆದರು. ಚೀಲ ಬೆನ್ನಿಗೇರಿಸಿ ನಾನೂ ನಡೆದೆ. ಇದೂ ಹಳೆಯ ಕ್ರಮವೇ ಇರಬೇಕೆಂದು ಅತಿಥಿಗಳು ನಮ್ಮ ಫೋಟೊ ತೆಗೆದುಕೊಂಡರು.

ವಾಪಸ್ ಬಂದಾಗ ಮ್ಯಾನೇಜರ್ ಕೇಳಿದ: ಇವನು ಪಾಸಾ?

“ಮಾಫಿ,” ಎಂದರು ಉಸ್ತಾದರು.

ಅಲ್ಲಿಯ ಅರಬ್ಬಿಯಲ್ಲಿ ಅದು ‘ಇಲ್ಲ’. ಮನಸ್ಸಿನಲ್ಲಿ ಆಗಲೇ ಕರಾಮದ ಫ್ಲ್ಯಾಟಿನ ಫ್ರಿಜ್ಜು ಯಾರಿಗೆ ಕೊಡುವುದೆಂದು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಅವರು ಹಿಂದಿಯಲ್ಲಿ ಮುಂದುವರಿಸಿದರು: ಮಾರ್ಗದರ್ಶಿ ಈಗಲೇ ಬೇಡ, ಲಾಯದ ಕೆಲಸಕ್ಕೆ ವೀಸಾ ಕೊಡಿ, ಈ ಗಾಯ ಇವನೇ ಒಣಗಿಸಲಿ, ಇನ್ನೊಬ್ಬನ ಹೆಸರು ಹೇಳಬಹುದಿತ್ತು, ಹೇಳಲಿಲ್ಲ, ಉಳಿದದ್ದು ನಾನು ಕಲಿಸುತ್ತೇನೆ.

ದಿನವೂ ಎರಡು ಹೊತ್ತು ಉಪ್ಪುನೀರಲ್ಲಿ ತೊಳೆದೆ. ಗಾಯ ಮಾಗಿತು, ಆದರೆ ಅಲ್ಲಿ ಹುಟ್ಟಿದ ಕೂದಲು ಬಿಳಿ. ನಾನು ಪಶುವೈದ್ಯರನ್ನು ಕರೆಸಲು ಓಡಾಡಿದೆ. ಉಸ್ತಾದರು ನಕ್ಕರು. “ಜೀನು ತಿಂದ ಜಾಗದಲ್ಲಿ ಹಾಗೇ. ಅದು ಹೋಗುದಿಲ್ಲ. ನಿನ್ನ ಸರ್ಟಿಫಿಕೇಟ್ ಅಂದ್ಕೋ.” ಎರಡನೆಯ ಪರೀಕ್ಷೆಯಲ್ಲಿ ಪಾಸಾದೆ.

ಮಂಡಿನೋವು ಜಾಸ್ತಿಯಾಗಿ ಅವರು ಭಟ್ಕಳಕ್ಕೆ ಹೋದ ಮೇಲೆ ಶುಕ್ರವಾರಗಳಂದು ಫೋನ್ ಮಾಡುತ್ತಿದ್ದೆ. ಮೊದಲು ಕಂದು ಕುದುರೆಯ ಸಮಾಚಾರ. ಆಮೇಲೆ, “ಚೀಲ ಯಾರ ಬೆನ್ನ ಮೇಲೆ ಉಂಟು?”

“ನನ್ನ ಬೆನ್ನ ಮೇಲೇ, ಉಸ್ತಾದ್.”

“ಕೊಡೆ?”

“ಅದೂ ಉಂಟು.”

ಕಳೆದ ಚಳಿಗಾಲದ ಒಂದು ಶುಕ್ರವಾರ ಫೋನ್ ಎತ್ತಿದ್ದು ಅವರ ಮಗ. ಹಿಂದಿನ ದಿನವೇ ಮಣ್ಣು ಮಾಡಿ ಆಗಿತ್ತು.

ಮರುದಿನ ಬೆಳಿಗ್ಗೆ ಸವಾರಿ ಇತ್ತು. ಎರಡು ಚೀಲ ಎತ್ತಿ ಕಣ್ಣು ಮುಚ್ಚಿ ನಿಂತೆ. ನನ್ನ ಹುಬ್ಬು ಏನು ಮಾಡಿತೋ, ಹೇಳುವವರಿರಲಿಲ್ಲ. ಬಲಗೈಯದ್ದು ಕೊಂಚ ಹೆಚ್ಚೆನಿಸಿತು. ಅದರಿಂದ ಒಂದು ನೀರಿನ ಬಾಟಲಿ ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ.