ಬುನಾದಿ ಇಲ್ಲದ ಮನೆಗೆ ಆಷಾಢವಿಲ್ಲ

ಗಂಗಣ್ಣ, ಆ ಮಾತನ್ನು ನಮ್ಮೂರ ಮಠದ ಸ್ವಾಮಿಗಳು ಹೇಳಿರಲಿಲ್ಲ. ನಾನೇ ಹೇಳಿದ್ದು. ನಿಮ್ಮ ಮನೆಯ ಮೆಟ್ಟಿಲ ಮೇಲೆ, ಒಗೆದ ಬಟ್ಟೆಯ ಬಕೆಟ್ ಹಿಡಿದು ನಿಂತಿದ್ದಾಗ ಬಾಯಿಗೆ ಬಂದದ್ದನ್ನು ಸ್ವಾಮಿಗಳ ಹೆಸರಿಗೆ ಅಂಟಿಸಿಬಿಟ್ಟೆ. ಅಂದಿನಿಂದ ನಿಮಗೆ ನಿಜ ಹೇಳಬೇಕು, ಹೇಳಬೇಕು ಎಂದುಕೊಂಡು — ಇಲ್ಲ, ಇದೂ ಸುಳ್ಳು. ಹೇಳಬಾರದು ಎಂದೇ ಅಂದುಕೊಂಡಿದ್ದೆ. ನಿನ್ನೆ ನಿಮ್ಮ ಮನೆಯವರು, ಲಕ್ಷ್ಮಕ್ಕ, ಹೊಸ ಶಾಲು ತಂದು ತೋರಿಸಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದಲೇ ಬರೆಯುತ್ತೇನೆ. ನಡುವಿನಿಂದ ಶುರು ಮಾಡಿದರೆ ಎಲ್ಲಾದರೂ ನುಣುಚಿಕೊಳ್ಳುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತಿಲ್ಲವೇ?

ನಾನು, ನನ್ನ ಗಂಡ ಶಿವು ದಾವಣಗೆರೆ ಕಡೆಯಿಂದ ಬಂದು ಬಾಗಲಗುಂಟೆಯ ನಿಮ್ಮ ಕಟ್ಟಡದಲ್ಲಿ ಮನೆ ಕೇಳಿದಾಗ ನೀವು ಮೊದಲು ವಿಚಾರಿಸಿದ್ದು ನಮ್ಮ ಕೆಲಸ, ಸಂಬಳ, ಜಾತಿ ಯಾವುದನ್ನೂ ಅಲ್ಲ. "ಕೋಟೆ ಆಟ ಆಡ್ತೀರೇನಮ್ಮ?" ಎಂದು ಕೇಳಿದಿರಿ. ಮೊಬೈಲಿನಲ್ಲಿ ಕೋಟೆ ಕಟ್ಟುವುದು, ಸೈನ್ಯ ಬೆಳೆಸುವುದು, ಬೇರೆಯವರ ಕೋಟೆಯ ಮೇಲೆ ದಂಡೆತ್ತಿ ಹೋಗುವುದು — ಅಷ್ಟೇ ಆ ಆಟ. ನಿಮ್ಮ ಬಾಡಿಗೆಯವರನ್ನೆಲ್ಲ ಸೇರಿಸಿ ನೀವೊಂದು ತಂಡ ಮಾಡಿದ್ದಿರಿ. ನಾಯಕರು ನೀವೇ. ಮನೆ ಓನರ್ ಎದುರಿಗೆ ಚುನಾವಣೆಗೆ ನಿಲ್ಲುವ ಧೈರ್ಯ ಯಾರಿಗಿತ್ತು?

ನಿಮ್ಮ ಕಾಯಿದೆಗಳು ಆಟದ ಕಂಪನಿಗೂ ಹೊಳೆದಿರಲಾರವು. ರಾಹುಕಾಲದಲ್ಲಿ ಯಾರೂ ಗೋಡೆ ಎತ್ತುವ ಹಾಗಿಲ್ಲ. ಹೊಸ ಕಟ್ಟಡಕ್ಕೆ ಕೈ ಹಾಕುವ ಮೊದಲು ಫೋನಿನ ಬೆನ್ನಿಗೆ ಕುಂಕುಮ. ಅರಮನೆಯ ಕೆಲಸ ಶುರುವಾದ ದಿನ ನೀವು ಕವರಿನ ಸಂದಿಗೆ ಗರಿಕೆ ಸಿಕ್ಕಿಸಿಕೊಂಡು ಓಡಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶಿವು ನಗುತ್ತಿದ್ದ. ನಾನೂ ನಗುತ್ತಿದ್ದೆ, ಆದರೆ ಕುಂಕುಮ ಹಚ್ಚುತ್ತಿದ್ದೆ. ಏಕೆಂದರೆ ಕಟ್ಟಲು ಬೇಕಾದ ಮರ, ಕಲ್ಲು ಎಲ್ಲ ಇದ್ದದ್ದು ತಂಡದ ಉಗ್ರಾಣದಲ್ಲಿ. ಅದರ ಬೀಗ ನಾಯಕರ ಕೈಯಲ್ಲಿ.

ಹೀಗಿರುವಾಗ ಕಂಪನಿಯವರು ಕಟ್ಟಡದ ಬಹುಮಾನ ಹೆಚ್ಚಿಸಿದರು.

ಮೊದಲು ಏನಾದರೂ ಕಟ್ಟಿ ಮುಗಿಸಿದರೆ ಒಂದಿಷ್ಟು ನಾಣ್ಯ, ಒಂದು ಹೊರೆ ಸೌದೆ ಸಿಗುತ್ತಿತ್ತು. ಭಿಕ್ಷೆ ಹಾಕಿದ ಹಾಗೆ. ಈಗ ಒಂದೊಂದು ಕಟ್ಟಡಕ್ಕೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ರತ್ನಗಳು, ಒಬ್ಬ ಹೊಸ ಸೇನಾಪತಿ, ಬಾವುಟ! ನಮ್ಮ ವಾಟ್ಸಾಪ್ ಗುಂಪು ಹಬ್ಬ ಮಾಡುತ್ತದೆ ಎಂದುಕೊಂಡೆ. ಮಾಡಿದ್ದು ರಂಪ. ಎಲ್ಲ ಕಟ್ಟಿ ಕೂತಿದ್ದ ಹಳಬರು "ನಮ್ಮ ಊಟ ಮುಗಿದ ಮೇಲೆ ಹೋಳಿಗೆ ಬಡಿಸ್ತಾರಾ?" ಎಂದು ಕಿಡಿಕಾರಿದರು. ಏನೂ ಕಟ್ಟದ ಸೋಮಾರಿಗಳು ತಮ್ಮ ಸೋಮಾರಿತನವನ್ನೇ ದೂರದೃಷ್ಟಿ ಎಂದು ಹೇಳಿಕೊಂಡರು. ಶಿವು ತನ್ನ ಕೊನೆಯ ಕಾವಲುಗೋಪುರವನ್ನು ಹಿಂದಿನ ಸಂಜೆಯಷ್ಟೇ ಮುಗಿಸಿದ್ದ. "ಒಂದಿನ ತಡ್ಕೊಬಾರ್ದಿತ್ತೇನೇ ನಾನು?" ಎಂದು ಅವನು ಅನ್ನದ ತಟ್ಟೆಯ ಮುಂದೆ ಕೂತ ರೀತಿ ನೋಡಿದರೆ ಯಾರೋ ಹತ್ತಿರದವರು ಹೋಗಿದ್ದಾರೆ ಎನ್ನಬೇಕು. ಕಟ್ಟಿದ್ದನ್ನು ಕೆಡವಲು ಬಿಡಿ ಎಂದು ಕಂಪನಿಗೆ ಬರೆದ. "ನಿಮ್ಮ ಭಾವನೆಗಳನ್ನು ಗೌರವಿಸುತ್ತೇವೆ" ಎಂದು ಉತ್ತರ ಬಂತು. ಗೌರವಿಸಿದರು, ಅಷ್ಟೇ.

ನನ್ನದು ಬೇರೆ ಕಥೆ. ನನ್ನ ಆನೆಬಾಗಿಲು ಇನ್ನೂ ಕಟ್ಟಿರಲಿಲ್ಲ. ಅದಕ್ಕೆ ಸಿಗುವ ಪೆಟ್ಟಿಗೆಯೇ ಎಲ್ಲಕ್ಕಿಂತ ದೊಡ್ಡದು, ಅದೂ ಮೊದಲ ಕೆಲವು ವಾರ ಮಾತ್ರ. ಖುಷಿಯಿಂದ ಕಲ್ಲು ಕೇಳಲು ನಿಮ್ಮ ಹತ್ತಿರ ಬಂದೆ.

"ಆಸಾಡ ಕಣಮ್ಮ," ಎಂದಿರಿ ನೀವು. "ಆಸಾಡ್ದಲ್ಲಿ ಯಾರಾನ ಮನೆ ಕಟ್ತಾರಾ? ಫೋನಲ್ಲಿ ಕಟ್ಟುದ್ರೂ ಮನೆ ಮನೇನೇ."

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡಲಿಲ್ಲ. ಆ ತಿಂಗಳು ಮುಗಿಯುವಷ್ಟರಲ್ಲಿ ಪೆಟ್ಟಿಗೆಯೂ ಮುಗಿಯುತ್ತಿತ್ತು. ಅತ್ತ ಮಾದನಾಯಕನಹಳ್ಳಿಯ ಗೋಡೌನ್ ಹುಡುಗರ ತಂಡ ಹಗಲೂ ರಾತ್ರಿ ಕಟ್ಟಿ, ಸಿಕ್ಕ ಬಾವುಟಗಳ ಚಿತ್ರ ಕಳಿಸಿ ಹಂಗಿಸುತ್ತಿತ್ತು. ನನ್ನ ಹೊಟ್ಟೆ ಉರಿಯಿತು ಗಂಗಣ್ಣ. ಪೀಣ್ಯದ ಕಾರ್ಖಾನೆಯಲ್ಲಿ ನನ್ನ ಕೆಲಸ ಮಾಲು ತಪಾಸಣೆ. ಕೂದಲೆಳೆಯಷ್ಟು ಬಿರುಕಿದ್ದರೂ ವಾಲ್ವನ್ನು ವಾಪಸ್ ಕಳಿಸುವವಳು ನಾನು. ಅಂಥವಳು ಮಾರನೆಯ ಬೆಳಿಗ್ಗೆ ಮೆಟ್ಟಿಲ ಮೇಲೆ ನಿಮ್ಮನ್ನು ನಿಲ್ಲಿಸಿ ಹೇಳಿದೆ —

"ನಮ್ಮೂರ ಮಠದ ಸ್ವಾಮಿಗಳನ್ನ ಫೋನಲ್ಲಿ ಕೇಳ್ದೆ ಗಂಗಣ್ಣ. ಬುನಾದಿ ಇಲ್ಲದ ಮನೆಗೆ ಆಷಾಢ ಇಲ್ಲ ಅಂದ್ರು."

ನಮ್ಮೂರಲ್ಲಿ ಮಠವೇನೋ ಇದೆ. ಆದರೆ ನನಗೆ ಬುದ್ಧಿ ಬಂದಾಗಿನಿಂದ ಅದರಲ್ಲಿ ಸ್ವಾಮಿಗಳಿಲ್ಲ. ಅದರ ಜಗಲಿಯಲ್ಲಿ ಪಕ್ಕದ ಮನೆಯವರು ಮೇಕೆ ಕಟ್ಟುತ್ತಾರೆ.

ನೀವು ಚಪ್ಪಲಿ ಬಿಟ್ಟು, ಕೈ ಮುಗಿದು ನಿಂತಿರಿ. ನನ್ನ ಬಕೆಟ್ಟಿಗೆ ಮುಗಿದ ಹಾಗಿತ್ತು. "ಎಂಥಾ ಮಾತು!" ಎಂದಿರಿ. ಅಷ್ಟಕ್ಕೇ ಬಿಡಲಿಲ್ಲ, ಗುಲಾಬಿ ಹೂವಿನ ಚಿತ್ರದ ಮೇಲೆ ಅದನ್ನೇ ಬರೆಸಿ ಶುಭೋದಯದ ಜೊತೆ ಗುಂಪಿಗೆ ಕಳಿಸಿದಿರಿ. ಉಗ್ರಾಣದ ಬಾಗಿಲು ತೆರೆಯಿತು. ಕಟ್ಟಲು ಉಳಿದಿದ್ದವರೆಲ್ಲ ಕಟ್ಟತೊಡಗಿದರು, ಒಬ್ಬೊಬ್ಬರಾಗಿ ಪೆಟ್ಟಿಗೆ ಒಡೆದರು. ಆಮೇಲೆ ಪೆಟ್ಟಿಗೆಯ ಬಣ್ಣ ಚೆನ್ನಾಗಿಲ್ಲ ಎಂದು ಒಬ್ಬ, ಸೇನಾಪತಿಗೆ ಮೀಸೆ ಇರಬೇಕಿತ್ತು ಎಂದು ಇನ್ನೊಬ್ಬ ಗೊಣಗಿದರು. ಮನುಷ್ಯರಿಗೆ ಎಷ್ಟು ಕೊಟ್ಟರೂ ಅಷ್ಟೇ.

ನನ್ನ ಸುಳ್ಳು ಇಷ್ಟರಲ್ಲೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಒಂದು ಭಾನುವಾರ ಸಂಜೆ ನೀವು ನಮ್ಮ ಬಾಗಿಲು ತಟ್ಟಿದಿರಿ. ಮುಖ ಅರಳಿತ್ತು.

"ಸುಧಮ್ಮ, ತಾರಸಿ ಮ್ಯಾಲೆ ತಗಡು ಸೀಟಿನ ರೂಮು ಹಾಕ್ಬೇಕು ಅಂತಿದ್ನಲ್ಲ, ಅದುಕ್ಕೂ ಬುನಾದಿ ಇಲ್ಲ! ನಾಕು ಕಂಬಿ ನೆಟ್ಟು ಸೀಟು ಒದಿಸೋದು. ಸ್ವಾಮ್ಗೋಳ ಮಾತು ಅದುಕ್ಕೂ ಒಪ್ತದೆ ಅಲ್ವಾ?"

ಲಕ್ಷ್ಮಕ್ಕನ ಬೈಗುಳ ಕೇಳಿಸದ ಜಾಗದಲ್ಲಿ ಕೂತು ಆಟ ಆಡಲು ನಿಮಗೆ ಆ ರೂಮು ಬೇಕಿತ್ತು. ಆಷಾಢ ಕಳೆಯಲಿ ಎಂದು ಕಾಯುತ್ತಿದ್ದವರು ನೀವು. ಆಗಲೇ ನಾನು ಹೇಳಬಹುದಿತ್ತು. ಗಂಗಣ್ಣ, ತಡೀರಿ, ಅದು ಸುಳ್ಳು — ಇಷ್ಟು ಹೇಳಲು ಎಷ್ಟು ಹೊತ್ತು? ಆದರೆ ನನ್ನ ಆನೆಬಾಗಿಲು ಅರ್ಧಕ್ಕೆ ನಿಂತಿತ್ತು. ಉಳಿದ ಕಲ್ಲನ್ನು ಅವತ್ತು ರಾಹುಕಾಲ ಕಳೆದ ಮೇಲೆ ಕೊಡುತ್ತೇನೆ ಎಂದಿದ್ದಿರಿ. ನಾನು "ಹೌದಲ್ವಾ" ಎಂದೆ.

ಮೊದಲ ಸುಳ್ಳನ್ನು ಬೇಕಾದರೆ ಆಟದ ಸುಳ್ಳು ಎನ್ನಬಹುದು. ಈ "ಹೌದಲ್ವಾ" ಇದೆಯಲ್ಲ, ಅದಕ್ಕೆ ಯಾವ ಹೆಸರಿಡಲಿ?

ಆಷಾಢದಲ್ಲಿ ಗಾಳಿ ಬೀಸುತ್ತದೆ ಎಂಬುದು ಈ ಮಣ್ಣಿನಲ್ಲೇ ಹುಟ್ಟಿ ರಾಗಿ ಬೆಳೆದ ನಿಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. "ಗಾಳಿ ದಿವ್ಸ ಸೀಟ್ ಹಾಕೋಕೆ ಒಂಟವ್ರೆ ದೊಡ್ ಇಂಜಿನಿಯರ್ರು," ಎಂದು ಲಕ್ಷ್ಮಕ್ಕ ಕೂಗಾಡಿದರು ಕೂಡ. ನೀವು ಸ್ವಾಮಿಗಳ ಮಾತು ಹೇಳಿ ಅವರ ಬಾಯಿ ಮುಚ್ಚಿಸಿದಿರಿ. ಮೊಳೆ ಪೂರ್ತಿ ಹೊಡೆಯುವ ಮೊದಲೇ ಗಾಳಿ ಎದ್ದಿತು. ಒಂದು ಶೀಟು ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಹೋಗಿ ಕೂತಿತು. ಇನ್ನೊಂದನ್ನು ನೀವು ಹಗ್ಗ ಹಾಕಿ, ಬೆದರಿದ ಹೋರಿಯನ್ನು ಜಗ್ಗುವ ಹಾಗೆ ಜಗ್ಗಿದಿರಿ. ಅದು ನಿಮ್ಮನ್ನೇ ಜಗ್ಗಿಕೊಂಡು ಹೋಗಿ ಮೆಟ್ಟಿಲ ಮೇಲಿಂದ ಉರುಳಿಸಿತು. ಕೆಳಗೆ ಬಿದ್ದವರು ಮೊದಲು ಹೇಳಿದ್ದು, "ನನ್ ಫೋನು ನೋಡ್ರೋ." ಎಲ್ಲರೂ ನಕ್ಕರು. ಆಮೇಲೆ ನಿಮ್ಮ ಪಾದ ತಿರುಗಿದ್ದ ದಿಕ್ಕು ನೋಡಿ ಯಾರೂ ನಗಲಿಲ್ಲ.

ಆಸ್ಪತ್ರೆಯಲ್ಲಿ ನೀವು ನನ್ನನ್ನು ಬೈಯುತ್ತೀರಿ ಎಂದುಕೊಂಡು ಬಂದೆ. ಬೈದಿದ್ದರೆ ಬಾಯಿ ಬಿಡುತ್ತಿದ್ದೆನೋ ಏನೋ. ನೀವು ನನ್ನ ಕೈ ಹಿಡಿದು, "ಸ್ವಾಮ್ಗೋಳ್ದೇನೂ ತಪ್ಪಿಲ್ಲಮ್ಮ. ಅವರು ಫೋನಿನ ಮನೆಗೆ ಏಳಿದ್ದು. ದುರಾಸೆ ಬಿದ್ದು ನಾನೇ ತಿರುಚ್ಕೊಂಡೆ," ಎಂದಿರಿ. ಆಮೇಲೆ, ಇಂಥವನು ನಾಯಕನಾಗಿರಬಾರದು ಎಂದು ತಂಡವನ್ನು ನನ್ನ ಕೈಗೆ ಒಪ್ಪಿಸಿದಿರಿ. ನಾನು ಬೇಡ ಎನ್ನಲಿಲ್ಲ. ನಿಮ್ಮ ಕಾಲಿಗೆ ಬ್ಯಾಂಡೇಜು ಹಾಕಿದ ವಾರವೇ ನನ್ನ ಕೋಟೆಯ ಮೇಲೆ ನಾಯಕಿಯ ಬಾವುಟ ಹಾರಿತು. ಅದರ ಚಿತ್ರವನ್ನೂ ಗುಂಪಿಗೆ ಹಾಕಿದೆ. ನೀವು ಆಸ್ಪತ್ರೆಯ ಹಾಸಿಗೆಯಿಂದ ಹೆಬ್ಬೆರಳು ಎತ್ತಿ ಹರಸಿದಿರಿ.

ಕಾಲು ಕೂಡಿಕೊಂಡಿತು, ಮೊದಲಿನ ಹಾಗಲ್ಲ. ಅಂದಿನಿಂದ ನೀವು ತಾರಸಿ ಹತ್ತಿಲ್ಲ. ಒಂದೊಂದು ಇಟ್ಟಿಗೆಯನ್ನೂ ನಿಂತು ಇಡಿಸಿದ ನಿಮ್ಮದೇ ಮನೆಯ ನೆತ್ತಿಯ ಮೇಲೆ ಈಗ ಬಾಡಿಗೆಯವರಾದ ನಾವು ಸಂಜೆ ಗಾಳಿಗೆ ನಿಲ್ಲುತ್ತೇವೆ. ನೀವು ಕೆಳಗೆ ಜಗಲಿಯಲ್ಲಿ ಕೂತು, "ತೊಂಡೆ ಬಳ್ಳಿ ಎಂಗೈತಮ್ಮ?" ಎಂದು ಕೇಳುತ್ತೀರಿ. ಚೆನ್ನಾಗಿದೆ ಗಂಗಣ್ಣ, ಎನ್ನುತ್ತೇನೆ. ಅದು ಒಣಗಿ ಬಹಳ ದಿನವಾಯಿತು. ನೋಡಿ, ಇನ್ನೂ ಒಂದು.

ನಿನ್ನೆ ಲಕ್ಷ್ಮಕ್ಕ ಮೇಲೆ ಬಂದರು. ನಿಮ್ಮ ಕಾಲಿನ ನೋವು ಬಿಡದ್ದಕ್ಕೆ ಶಾಸ್ತ್ರ ಕೇಳಿಸಿದರಂತೆ, ಗುರುಗಳ ಮಾತನ್ನು ತಿರುಚಿದ ದೋಷ ಎಂದು ಬಂದಿತಂತೆ. ಸೋಮವಾರ ಕಾರು ಮಾಡಿಕೊಂಡು ನಮ್ಮೂರಿಗೆ ಹೋಗುತ್ತೀರಂತೆ. ಸ್ವಾಮಿಗಳಿಗೆ ಶಾಲು, ಹಣ್ಣು, ನಿಮ್ಮ ಕಡೆಯಿಂದ ಒಂದು ತಪ್ಪುಕಾಣಿಕೆ. "ಮಠಕ್ಕೆ ದಾರಿ ಯಾವ ಕಡೆ ಏಳಮ್ಮ," ಎಂದು ಲಕ್ಷ್ಮಕ್ಕ ಕೇಳಿದರು. ಶಾಲು ನೇರಳೆ ಬಣ್ಣದ್ದು, ಒಳ್ಳೆಯ ಅಂಚು. ಅದನ್ನು ಮೇಕೆಗಳಿಗೆ ಹೊದಿಸುವ ಚಿತ್ರ ಕಣ್ಣ ಮುಂದೆ ಬಂದು ನಗು ಬಂತು. ಅದರ ಹಿಂದೆಯೇ, ಆ ಕಾಲೆಳೆದುಕೊಂಡು ಅಷ್ಟು ದೂರ ಹೋಗಿ ಬೀಗ ಹಾಕಿದ ಬಾಗಿಲ ಮುಂದೆ ಕೈ ಮುಗಿದು ನಿಲ್ಲುವ ನೀವು ಕಂಡಿರಿ. ಲಕ್ಷ್ಮಕ್ಕನಿಗೆ ದಾರಿ ಹೇಳಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಸೋಮವಾರ ಕಾರು ಬೇಡ ಎಂದುಬಿಡಿ ಗಂಗಣ್ಣ. ನೀವು ಕ್ಷಮೆ ಕೇಳಬೇಕಾದವರು ಯಾವ ಊರಲ್ಲೂ ಇಲ್ಲ. ನಿಮ್ಮಲ್ಲಿ ಕ್ಷಮೆ ಕೇಳಬೇಕಾದವಳು ನಿಮ್ಮ ತಲೆಯ ಮೇಲಿನ ಮನೆಯಲ್ಲೇ ಇದ್ದಾಳೆ. ಈ ಹಾಳೆಯನ್ನು ಬಾಗಿಲ ಸಂದಿಯಲ್ಲಿ ತುರುಕಿ ಓಡಿಹೋಗುವ ಯೋಚನೆಯೂ ಬಂದಿತ್ತು. ಬೇಡ. ಎಲ್ಲವನ್ನೂ ನಿಮ್ಮ ಎದುರಿಗೆ ಕೂತು ಓದುತ್ತೇನೆ. ಮನೆ ಖಾಲಿ ಮಾಡು ಎಂದರೂ ಸರಿ. ಈಗಲೇ ಇಳಿದು ಬರುತ್ತಿದ್ದೇನೆ, ಏಳಬೇಡಿ. ಬಾಗಿಲು ಲಕ್ಷ್ಮಕ್ಕ ತೆಗೆಯಲಿ.